ಜೈಲಿನ ವಿಳಾಸಕ್ಕೂ ಕಾಗದ ಹೋಗಲಿ

ಮಾನ್ಯ ಸಂಪಾದಕರೆ,

ರಾಜ್ಯದ ಕಾರಾಗೃಹಗಳಲ್ಲಿ ಯಾರೂ ನೋಡಲು ಬಾರದ, ಯಾರಿಂದಲೂ ಒಂದು ಸಾಲಿನ ಕಾಗದವೂ ಬಾರದ ಕೈದಿಗಳಿದ್ದಾರೆ. ಅಂಥವರಿಗೆ ಪತ್ರ ಬರೆಯಲು ಮನಸ್ಸಿರುವ ನಾಗರಿಕರನ್ನು ಗುರುತಿಸಿ, ಅವರಿಗೆ ಕ್ರಮಬದ್ಧವಾದ ಅವಕಾಶ ಕಲ್ಪಿಸುವ ಯೋಜನೆಯೊಂದನ್ನು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ ರೂಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನೀಡಿದ ಲೆಕ್ಕದಂತೆ, 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಒಳಗಿರುವ ನಾಲ್ವರಲ್ಲಿ ಮೂವರು ಇನ್ನೂ ತೀರ್ಪಿಗಾಗಿ ಕಾಯುತ್ತಿರುವವರು. ಇವರಲ್ಲಿ ಬಹಳಷ್ಟು ಜನ ಬಡ ಮನೆಗಳಿಂದ ಬಂದವರು. ದೂರದ ಹಳ್ಳಿಯ ತಾಯಿಯೊಬ್ಬಳು ಬೆಳಗಾವಿಯ ಹಿಂಡಲಗಾ ಜೈಲಿಗೋ ಬೆಂಗಳೂರಿನ ಪರಪ್ಪನ ಅಗ್ರಹಾರಕ್ಕೋ ಹೋಗಿ ಮಗನನ್ನು ಕಂಡು ಬರಬೇಕೆಂದರೆ, ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿದರೂ ಎರಡು ದಿನದ ಕೂಲಿ ಹೋಗುತ್ತದೆ. ಗುರುತಿನ ಚೀಟಿ ಹಿಡಿದು ಸರದಿಯಲ್ಲಿ ನಿಂತು ಕಾದರೂ ಸಿಗುವುದು ಕೆಲವು ನಿಮಿಷಗಳ ಮಾತು. ಮೊದಲ ವರ್ಷ ಹೇಗೋ ಹೋಗಿ ಬರುವ ಮನೆಯವರು ಆಮೇಲೆ ಹಬ್ಬಕ್ಕೊಮ್ಮೆ ಹೋಗುತ್ತಾರೆ, ಬರಬರುತ್ತ ಅದೂ ನಿಂತು ಹೋಗುತ್ತದೆ. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ಜೈಲು ಸೇರಿದ ಹೆಂಗಸನ್ನು ತವರು, ಗಂಡನ ಮನೆ ಎರಡೂ ಕೈಬಿಡುವುದನ್ನು ನಾವು ಕಂಡೇ ಇದ್ದೇವೆ. ಕಾರಾಗೃಹಗಳಲ್ಲಿ ದೂರವಾಣಿ ಇದೆ, ವಿಡಿಯೊ ಮೂಲಕ ಭೇಟಿಯಾಗುವ ಇ-ಮುಲಾಖಾತ್ ಇದೆ ಎಂದು ಹೇಳಬಹುದು. ಅವು ಒಳ್ಳೆಯ ಸೌಲಭ್ಯಗಳೇ. ಆದರೆ ಕರೆ ಮಾಡಲು ಆಚೆ ಕಡೆ ಒಬ್ಬರಾದರೂ ಇದ್ದವರಿಗೆ ಮಾತ್ರ ಅವುಗಳ ಉಪಯೋಗ.

ನನ್ನ ಅನುಭವವನ್ನು ಇಲ್ಲಿ ಹೇಳಬೇಕು. ಪ್ರಾಥಮಿಕ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದ ಯುವಕನೊಬ್ಬ ಶಿಕ್ಷೆಗೊಳಗಾಗಿ ರಾಜ್ಯದ ಒಂದು ಜೈಲಿನಲ್ಲಿದ್ದಾನೆ. ತಂದೆ ತೀರಿಕೊಂಡ ಮೇಲೆ ಮನೆಯ ಕಡೆಯಿಂದ ಯಾರೂ ಹೋಗುತ್ತಿಲ್ಲವೆಂದು ತಿಳಿದು, ಅಧಿಕಾರಿಗಳನ್ನು ಕೇಳಿಕೊಂಡು ಅವನಿಗೊಂದು ಕಾಗದ ಹಾಕಿದೆ. ಉತ್ತರ ಬರಲು ತಿಂಗಳ ಮೇಲಾಯಿತು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯ ಎರಡೂ ಮಗ್ಗುಲಲ್ಲಿ ಅಂಚು ಬಿಡದೆ ಬರೆದಿದ್ದ. ಮೇಲ್ಗಡೆ ಕಚೇರಿಯ ಮೊಹರು, ಅದರ ಪಕ್ಕದಲ್ಲಿ ಓದಿ ನೋಡಿದವರ ಚಿಕ್ಕ ಸಹಿ. ಕೇಸಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. “ಅಕ್ಕೋರ, ಈ ಸಲ ಹಿಂಗಾರಿ ಜ್ವಾಳ ಹಾಲುಗಾಳ ಹಿಡದೈತೇನ್ರಿ? ಶಾಲಿ ಮುಂದಿನ ಬೇವಿನ ಗಿಡ ಐತೋ, ರಸ್ತೆ ಅಗಲ ಮಾಡೂದ್ರಾಗ ಹೋತೋ?” ಎಂದು ಕೇಳಿದ್ದ. ಗಿಡ ಇದೆ, ಕರೆಂಟಿನ ತಂತಿಗೆ ತಾಗುತ್ತದೆಂದು ಒಂದು ಕಡೆಯ ಟೊಂಗೆಗಳನ್ನು ಕಡಿದಿದ್ದಾರೆ ಎಂದು ಬರೆದೆ. ಮುಂದಿನ ಕಾಗದದಲ್ಲಿ, ಆ ಸುದ್ದಿಯನ್ನು ಬ್ಯಾರಕ್ಕಿನಲ್ಲಿ ನಾಲ್ಕು ಜನರ ಮುಂದೆ ಓದಿದ್ದಾಗಿ ತಿಳಿಸಿ, ತಮ್ಮಲ್ಲಿ ಒಬ್ಬ ಹಿರಿಯನಿಗೆ ಎಲ್ಲಿಂದಲೂ ಟಪಾಲು ಬರುವುದಿಲ್ಲ, ಅವನಿಗೂ ಎರಡು ಸಾಲು ಬರೆಯಲಾದೀತೇ ಎಂದು ಕೇಳಿಕೊಂಡಿದ್ದ. ಆ ಹಿರಿಯ ಯಾರು, ಅವನಿಗೆ ಬರೆಯಲು ಯಾರನ್ನು ಕೇಳಬೇಕು, ಅಪರಿಚಿತರು ಬರೆದರೆ ಕೊಡುತ್ತಾರೆಯೇ ಎಂಬ ಯಾವುದಕ್ಕೂ ನನಗೆ ಸರಿಯಾದ ಉತ್ತರ ಸಿಗಲಿಲ್ಲ. ನಾನು ಕೇಳುತ್ತಿರುವ ಯೋಜನೆ ಅಂಥವನಿಗಾಗಿ.

ಸಂದರ್ಶನದ ಮಾತು ಗಳಿಗೆಯಲ್ಲಿ ಮುಗಿದು ಹೋಗುತ್ತದೆ. ಕಾಗದವನ್ನು ರಾತ್ರಿ ಮತ್ತೆ ಬಿಚ್ಚಿ ಓದಬಹುದು, ಓದು ಬಾರದವನು ಪಕ್ಕದವನಿಂದ ಓದಿಸಿಕೊಳ್ಳಬಹುದು. ಜೈಲಿನಲ್ಲೇ ಅಕ್ಷರ ಕಲಿತವನಿಗೆ ತನ್ನ ಹೆಸರಿಗೆ ಬಂದ ಕಾಗದಕ್ಕಿಂತ ಒಳ್ಳೆಯ ಪಾಠ ಬೇರೊಂದಿಲ್ಲವೆಂದು ಶಿಕ್ಷಕಿಯಾಗಿ ನಾನು ಧೈರ್ಯದಿಂದ ಹೇಳಬಲ್ಲೆ.

ಇದು ದಯೆಯ ವಿಷಯವಷ್ಟೇ ಅಲ್ಲ. 2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ, ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ಮಂಡೇಲಾ ನಿಯಮಗಳಲ್ಲಿ 58ನೆಯದು, ಅಗತ್ಯ ಮೇಲ್ವಿಚಾರಣೆಗೊಳಪಟ್ಟು ಬಂದಿಗಳು ಕುಟುಂಬದವರೊಂದಿಗೆ ಮಾತ್ರವಲ್ಲದೆ ಸ್ನೇಹಿತರೊಂದಿಗೂ ನಿಯತವಾಗಿ ಪತ್ರವ್ಯವಹಾರ ನಡೆಸಲು ಅವಕಾಶವಿರಬೇಕೆಂದು ಹೇಳುತ್ತದೆ. ನಮ್ಮ ಸುಪ್ರೀಂ ಕೋರ್ಟಿನ ಇತಿಹಾಸದಲ್ಲೂ ಜೈಲಿನ ಪತ್ರಕ್ಕೆ ದೊಡ್ಡ ಸ್ಥಾನವಿದೆ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ, ಸಹಕೈದಿಯೊಬ್ಬನ ಮೇಲೆ ವಾರ್ಡರ್ ನಡೆಸಿದ ಕ್ರೌರ್ಯವನ್ನು ವಿವರಿಸಿ ನ್ಯಾಯಮೂರ್ತಿಯೊಬ್ಬರಿಗೆ ಬರೆದ ಪತ್ರವನ್ನೇ ನ್ಯಾಯಾಲಯ ಹೇಬಿಯಸ್ ಕಾರ್ಪಸ್ (ಬಂಧಿತರ ರಕ್ಷಣೆ ಕೋರುವ) ಅರ್ಜಿಯೆಂದು ಪರಿಗಣಿಸಿತು. 1979ರ ಡಿಸೆಂಬರಿನಲ್ಲಿ ಬಂದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಬಂಧುಮಿತ್ರರ ಭೇಟಿ ಜೈಲಿನ ಏಕಾಂತದಲ್ಲಿ ಕೈದಿಗೆ ಸಮಾಧಾನವೆಂದೂ, ಅದನ್ನು ತಪ್ಪಿಸುವುದು ಅಮಾನವೀಯವೆಂದೂ ಕಂಡರು. ಬ್ರಿಟನ್ನಿನಲ್ಲಿ 1988ರಲ್ಲಿ ಆರಂಭವಾದ ಲೈಫ್‌ಲೈನ್ಸ್ ಎಂಬ ಸಂಸ್ಥೆಯ ಸದಸ್ಯರು ಅಮೆರಿಕದಲ್ಲಿ ಮರಣದಂಡನೆಗೊಳಗಾದ ಕೈದಿಗಳಿಗೆ ಇಂದಿಗೂ ಪತ್ರ ಬರೆಯುತ್ತಿದ್ದಾರೆ. ಸಾಗರದಾಚೆಗೆ ಆಗುವ ಕೆಲಸ ಧಾರವಾಡದಿಂದ ಬೆಳಗಾವಿಗೆ ಆಗದೆ ಇರಲಾರದು.

“ಕೊಲೆಯಾದವನ ಮನೆಯವರಿಗೆ ಯಾರು ಕಾಗದ ಬರೆಯುತ್ತಾರೆ?” ಎಂದು ಆತ್ಮೀಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಸಂತ್ರಸ್ತರ ಮನೆಗಳನ್ನು ನಾವು ಮರೆತಿರುವುದು ದೊಡ್ಡ ಲೋಪ, ಅವರ ಪರಿಹಾರ ಮತ್ತು ಆಸರೆಗಾಗಿಯೂ ದನಿ ಎತ್ತಲೇಬೇಕು. ಆದರೆ ಆ ಲೋಪ, ಜೈಲಿನಲ್ಲಿರುವವನನ್ನು ಯಾರೂ ಮಾತಾಡಿಸದೆ ಬಿಡುವುದರಿಂದ ತುಂಬಿ ಬರುವುದಿಲ್ಲ. ಅಂಥವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ನಮ್ಮ ಊರುಗಳಿಗೇ ಮರಳುವವರು, ಮತ್ತು ವರ್ಷಗಟ್ಟಲೆ ಒಬ್ಬ ಸಭ್ಯ ಮನುಷ್ಯನೊಂದಿಗೂ ಮಾತಿಲ್ಲದೆ ಮರಳಿದವನಿಂದ ಊರಿಗೆ ಏನೂ ಲಾಭವಿಲ್ಲ.

ಎಚ್ಚರಿಕೆಗಳು ಇರಲೇಬೇಕು. ಬರೆಯುವವರ ಪೂರ್ವಾಪರವನ್ನು ಇಲಾಖೆ ಪರಿಶೀಲಿಸಲಿ. ಕಾಗದಗಳು ಮನೆಯ ವಿಳಾಸದ ಬದಲು ಒಂದು ಕಚೇರಿಯ ಅಂಚೆಪೆಟ್ಟಿಗೆಯ ಮೂಲಕ ಹೋಗಿ ಬರಲಿ. ಹಣ, ಉಡುಗೊರೆ, ಪೆರೋಲ್ ಕೊಡಿಸುವ ಭರವಸೆ ಯಾವುದೂ ಬೇಡ. ಮಾಡಿದ ಅಪರಾಧವನ್ನು ಕೆದಕಿ ಕೇಳುವ ಕುತೂಹಲವೂ ಬೇಡ. ಜಾಮೀನು ಸಿಕ್ಕರೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿದಿದ್ದೇನೆಂದು ಒಬ್ಬ ಬರೆದರೆ, ಸ್ವಯಂಸೇವಕರು ತಾವೇ ಓಡಾಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಗಮನಕ್ಕೆ ತಂದರೆ ಸಾಕು. ಜಾಮೀನು ಸಿಕ್ಕ ಏಳು ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಅಂಥವರ ವಿವರವನ್ನು ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಜೈಲು ಅಧೀಕ್ಷಕರಿಗೆ ಸೂಚಿಸಿಯೂ ಇದೆ. ಇವೆಲ್ಲಕ್ಕಿಂತ ಮುಖ್ಯವಾದುದು, ಉತ್ಸಾಹದಲ್ಲಿ ಎರಡು ಕಾಗದ ಬರೆದು ಮೂರನೆಯದಕ್ಕೆ ಸುಮ್ಮನಾಗುವವರು ಈ ಕೆಲಸಕ್ಕೆ ಬರಬಾರದು. ಮನೆಯವರು ಕೈಬಿಟ್ಟವನನ್ನು ಮತ್ತೊಮ್ಮೆ ಕೈಬಿಟ್ಟಂತಾಗುತ್ತದೆ. ತಿಂಗಳಿಗೊಂದೇ ಕಾಗದವಾದರೂ ಅದು ತಪ್ಪದೆ ಹೋಗಬೇಕು, ನಿಲ್ಲಿಸಬೇಕಾಗಿ ಬಂದರೆ ಕಾರಣ ಹೇಳಿ ನಿಲ್ಲಿಸಬೇಕು.

ಮೈಸೂರಿನ ಜೈಲಿನಲ್ಲಿ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಮಾಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದದ್ದನ್ನು ಕನ್ನಡಿಗರು ಕಂಡಿದ್ದಾರೆ. ಅಂಥದಕ್ಕೆ ಒಪ್ಪಿದ ಇಲಾಖೆಗೆ ಇದು ಹೊರೆಯಾಗಲಾರದು. ಮೊದಲಿಗೆ ಒಂದು ಕೇಂದ್ರ ಕಾರಾಗೃಹ, ಜೊತೆಗೆ ತುಮಕೂರಿನ ಮಹಿಳಾ ಕಾರಾಗೃಹವನ್ನು ಆಯ್ದುಕೊಂಡು, ಆರು ತಿಂಗಳಿಂದ ಸಂದರ್ಶನದ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಒಬ್ಬ ಸಂದರ್ಶಕರೂ ದಾಖಲಾಗಿಲ್ಲವೋ ಅವರನ್ನು ಕೇಳಿ, ಒಪ್ಪಿದವರ ಪಟ್ಟಿಯನ್ನು ಇಲಾಖೆ ಸಿದ್ಧಪಡಿಸಲಿ. ಬಿಹಾರ, ಒಡಿಶಾ, ಅಸ್ಸಾಮಿನಿಂದ ಕೂಲಿಗೆ ಬಂದು ಒಳಗೆ ಸಿಕ್ಕಿಕೊಂಡವರಿಗೆ ಅವರವರ ಭಾಷೆ ಬಲ್ಲವರು ಬೆಂಗಳೂರಿನಲ್ಲೇ ಸಿಗುತ್ತಾರೆ. ಕನ್ನಡದಲ್ಲಿ ಬರೆಯಲು ನನ್ನಂಥ ನಿವೃತ್ತ ಶಿಕ್ಷಕಿಯರು ಸಿದ್ಧರಿದ್ದೇವೆ, ಅರ್ಜಿಯನ್ನು ಯಾರಿಗೆ ಕೊಡಬೇಕೆಂಬುದನ್ನು ಇಲಾಖೆ ತಿಳಿಸಲಿ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಧಾರವಾಡ