ಥಾಯ್ಲೆಂಡ್‌ಗೆ ಇಂಗ್ಲಿಷ್ ಪಾಠ ಹೇಳಲು ಹೊರಟವರಿಗೆ
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ, ಗೋಣಿಕೊಪ್ಪದ ಕಡೆಯ ಮೂವರು ಅಲ್ಲಿನ ಶಾಲೆಯ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಏನು ನೋಡಬೇಕು ಅಂತ ಕೇಳಿದ್ದೀರಿ, ಅದಕ್ಕೇ ಈ ಗುಂಪಿನಲ್ಲೇ ಬರೆಯುತ್ತಿದ್ದೇನೆ.

ಒಪ್ಪಂದದಲ್ಲಿ ‘ವಾರಕ್ಕೆ 20 ಗಂಟೆ ಪಾಠ’ ಅಂತ ಇದ್ದರೆ ಸುಮ್ನೆ ಖುಷಿಪಡಬೇಡಿ. ಅದು ತರಗತಿಯೊಳಗಿನ ಲೆಕ್ಕ ಮಾತ್ರ. ಅಲ್ಲಿ ಪಾಠ ಹೇಳುವಾಗ ನಾನು ಬೆಳಿಗ್ಗೆ 7.30ಕ್ಕೆ ಗೇಟಿನ ಹತ್ತಿರ ನಿಂತು ಮಕ್ಕಳಿಗೆ ಗುಡ್ ಮಾರ್ನಿಂಗ್ ಹೇಳಬೇಕಿತ್ತು, ಶಾಲೆ ಬಿಡುವುದು ಸಂಜೆ 4.30ಕ್ಕೆ. ಶನಿವಾರದ ಇಂಗ್ಲಿಷ್ ಕ್ಯಾಂಪಿಗೆ ಒಂದು ಪೈಸೆ ಜಾಸ್ತಿ ಇಲ್ಲ. ಕೇಳಿದ್ದಕ್ಕೆ ಒಪ್ಪಂದದ ‘ಶಾಲೆ ಹೇಳುವ ಇತರ ಕೆಲಸ’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಕೆಳಗೆ ನನ್ನದೇ ಸಹಿ!

ಒಪ್ಪಂದ 10 ತಿಂಗಳದ್ದೋ 12 ತಿಂಗಳದ್ದೋ ನೋಡಿ. ಅಲ್ಲಿ ಏಪ್ರಿಲ್‌ನಲ್ಲಿ ದೊಡ್ಡ ರಜೆ. 10 ತಿಂಗಳದ್ದಾದರೆ ಆಗ ಸಂಬಳ ಇರುವುದಿಲ್ಲ.

‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಸರಿ ಮಾಡೋಣ’ ಅಂದರೆ ಒಪ್ಪಬೇಡಿ. ನಾನ್-ಇಮಿಗ್ರಂಟ್ ಬಿ ವೀಸಾ (ಕೆಲಸಕ್ಕೆ ಹೋಗುವವರ ವೀಸಾ), ಜೊತೆಗೆ ವರ್ಕ್ ಪರ್ಮಿಟ್ (ಕೆಲಸ ಮಾಡುವ ಪರವಾನಗಿ), ಎರಡೂ ಬೇಕು. ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟರೆ ಅಲ್ಲಿ ಇರುವ ಅನುಮತಿಯೂ ಹೋಗುತ್ತದೆ. 90 ದಿನಕ್ಕೊಮ್ಮೆ ಅಲ್ಲಿನ ಇಮಿಗ್ರೇಶನ್ ಕಚೇರಿಗೆ ವಿಳಾಸ ತಿಳಿಸುವುದನ್ನೂ ಮರೆಯಬೇಡಿ, ದಂಡ ಬೀಳುತ್ತದೆ.

ಕಾಫಿ ಕುಯ್ಲಿನ ಗಡಿಬಿಡಿ ಗೊತ್ತು. ಆದರೂ ಪೊಲೀಸ್ ಕ್ಲಿಯರೆನ್ಸ್‌ಗೆ (ನಿಮ್ಮ ಮೇಲೆ ಕೇಸಿಲ್ಲ ಅನ್ನುವ ಪತ್ರಕ್ಕೆ) ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ ಈಗಲೇ ಅರ್ಜಿ ಹಾಕಿ. ಒಪ್ಪಂದದ ಫೋಟೋ ಗುಂಪಿಗೆ ಹಾಕಬೇಡಿ, ನನಗೊಬ್ಬನಿಗೇ ಕಳಿಸಿ. ಭಾನುವಾರ ಓದಿ ಹೇಳುತ್ತೇನೆ, ಕರೆಂಟ್ ಇದ್ದರೆ.