ಗೋಡೆಯ ಜ್ವರ, ಊರಿನ ಚಳಿ

ಡಿಸೆಂಬರ್ ಮೊದಲ ಶನಿವಾರ ಪುಣೆಯ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟ ಬಯಲಿನಲ್ಲಿತ್ತು. ಶಾಮಿಯಾನ ಬೇಕಾ ಬೇಡವಾ ಅಂತ ಸಮಿತಿಯಲ್ಲಿ ಅರ್ಧ ಗಂಟೆ ಮಾತಾಗಿತ್ತು. "ಪುಣೆಯಲ್ಲಿ ಈಗ ಮಳೆ ಎಲ್ಲಿಂದ ಬರುತ್ತೆ?" ಅಂದವನು ನಾನೇ. ಸರಿಯಾಗಿ ಎರಡನೇ ಸಲ ಸಾರು ಬಡಿಸುವ ಹೊತ್ತಿಗೆ ಹನಿ ಶುರುವಾಯಿತು. ದೊಡ್ಡ ಮಳೆಯೇನಲ್ಲ. ಆದರೂ ಎಲೆ ಬಿಟ್ಟು ಎದ್ದವರು ಎಷ್ಟೋ ಜನ. ಮುಂದಿನ ಸಭೆಯಲ್ಲಿ ಒಂದು ತೀರ್ಮಾನ ಆಯಿತು: ಸಂಪಾದಕರು, ಅಂದರೆ ನಾನು, ಒಂದು ತಿಂಗಳು ದಿನಾ ಹವೆ ನೋಡಿ ಬರೆದಿಡತಕ್ಕದ್ದು. ಎಲ್ಲರೂ ನಕ್ಕರು. ನಾನು ಮಾತ್ರ ಅದನ್ನು ನಿಜ ಅಂದುಕೊಂಡೆ.

ಪೇಟೆಗೆ ಹೋಗಿ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಒಂದು ಥರ್ಮಾಮೀಟರ್ ತಂದೆ. ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿದ ಗಾಜಿನ ಕೊಳವೆ. ಒಂದು ಕಡೆ ದಿನದ ಜಾಸ್ತಿ ಉಷ್ಣಾಂಶ, ಇನ್ನೊಂದು ಕಡೆ ರಾತ್ರಿಯ ಕಡಿಮೆ ಉಷ್ಣಾಂಶ. ಒಳಗೆ ಎರಡು ಸಣ್ಣ ಉಕ್ಕಿನ ಕಡ್ಡಿಗಳು. ಪಾದರಸ ಅವನ್ನು ತಳ್ಳಿಕೊಂಡು ಹೋಗಿ, ಎಲ್ಲಿವರೆಗೆ ತಳ್ಳಿತೋ ಅಲ್ಲೇ ಬಿಟ್ಟು ವಾಪಸ್ ಬರುತ್ತದೆ. ಕಡ್ಡಿಯ ಕೆಳ ತುದಿ ನೋಡಿ ಬರೆದುಕೊಳ್ಳಬೇಕು. ಆಮೇಲೆ ಅಯಸ್ಕಾಂತದಿಂದ ಕಡ್ಡಿಯನ್ನು ಮತ್ತೆ ಪಾದರಸದ ಮೇಲೆ ತಂದು ಕೂರಿಸಬೇಕು. ಈ ಎರಡನೇ ಕೆಲಸ ನಾನು ಒಂದು ದಿನ ಮರೆತೆ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಚಳಿ ಎರಡು ದಿನ ಬಿದ್ದಿದೆ.

ಮೊದಲ ವಾರ ನನ್ನ ಲೆಕ್ಕದಲ್ಲಿ ಪುಣೆಯಲ್ಲಿ ಚಳಿಯೇ ಇರಲಿಲ್ಲ. ಪೇಪರಿನಲ್ಲಿ 11 ಅಂತಿದ್ದರೆ ನನ್ನ ಬಾಲ್ಕನಿಯಲ್ಲಿ 17. ಹವಾಮಾನ ವೇಧಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಸಂಘದ ಹಿರಿಯರೊಬ್ಬರು ಕಾಫಿಗೆ ಬಂದಾಗ ಹೆಮ್ಮೆಯಿಂದ ತೋರಿಸಿದೆ. ಪಡುವಣ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದು ನೋಡಿ ಅವರು ಗೋಡೆಗೆ ಕೈ ಇಟ್ಟರು. ರಾತ್ರಿ ಎಂಟಾದರೂ ಬೆಚ್ಚಗಿತ್ತು. "ಇದು ಗೋಡೆಯ ಜ್ವರ ಕಣಯ್ಯಾ, ಊರಿನ ಚಳಿ ಅಲ್ಲ" ಅಂದರು.

ಅಂದ ಮೇಲೆ ಅವರನ್ನು ನಿಲ್ಲಿಸುವವರು ಯಾರು? ಉಷ್ಣಾಂಶ ಅಂದರೆ ಗಾಳಿಯದ್ದು, ಬಿಸಿಲಿನದ್ದಲ್ಲ, ಗೋಡೆಯದ್ದೂ ಅಲ್ಲ. ಅದಕ್ಕೇ ವೇಧಶಾಲೆಯ ಥರ್ಮಾಮೀಟರುಗಳು ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ ಇರುತ್ತವೆ. ಸುತ್ತ ಓರೆ ಪಟ್ಟಿಗಳು, ಗಾಳಿ ಆಡಬೇಕು, ಬಿಸಿಲು ಬೀಳಬಾರದು. ಬಾಗಿಲು ಉತ್ತರಕ್ಕೆ, ತೆಗೆದಾಗಲೂ ಸೂರ್ಯ ಇಣುಕದ ಹಾಗೆ. ಸ್ಟೀವನ್ಸನ್ ಪೆಟ್ಟಿಗೆ ಅಂತ ಹೆಸರು. ಬೆಳಗ್ಗೆ 8.30ಕ್ಕೆ ರಾತ್ರಿಯ ಕನಿಷ್ಠ, ಸಂಜೆ 5.30ಕ್ಕೆ ಹಗಲಿನ ಗರಿಷ್ಠ. ಮಳೆ ಅಳೆಯುವ ದಿನ ಕೂಡ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ನಮ್ಮ ಸಾರಿನೊಳಗೆ ಬಿದ್ದ ಹನಿ ಸರ್ಕಾರಿ ಲೆಕ್ಕದಲ್ಲಿ ಭಾನುವಾರ ಬೆಳಗಿನ ಮಳೆ! ಈಗ ನನ್ನ ಥರ್ಮಾಮೀಟರ್ ಉತ್ತರದ ಕಿಟಕಿಯ ಹೊರಗೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ತೂಗಾಡುತ್ತಿದೆ. ಬಟ್ಟೆ ಒಣಹಾಕಲು ಅಡ್ಡ ಅಂತ ಮನೆಯಲ್ಲಿ ಆಕ್ಷೇಪ ಇದೆ.

ಪುಣೆಯಲ್ಲಿರುವ ನಮಗೆ ಸಿಮ್ಲಾ ಆಫೀಸ್ ಚೌಕ ಗೊತ್ತಿಲ್ಲದೆ ಇರುತ್ತಾ? ಬಸ್ ಸ್ಟಾಪಿಗೂ ಅದೇ ಹೆಸರು. ಸಿಮ್ಲಾಕ್ಕೂ ಶಿವಾಜಿನಗರಕ್ಕೂ ಏನು ನಂಟು ಅಂತ ಕೇಳಿದವರು ಕಡಿಮೆ. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು. ಗಡಿಯಾರದ ಗೋಪುರ ಇರುವ ಆ ಕಲ್ಲಿನ ಕಟ್ಟಡ ಅದಕ್ಕಾಗಿಯೇ ಕಟ್ಟಿದ್ದು. ಆಮೇಲೆ ಕೇಂದ್ರ ಕಚೇರಿ ದೆಹಲಿಗೆ ಹೋಯಿತು, ಹೆಸರು ಇಲ್ಲೇ ಉಳಿಯಿತು. ಪೇಪರಿನಲ್ಲಿ "ಪುಣೆ 10 ಡಿಗ್ರಿ" ಅಂತ ಬರುತ್ತದಲ್ಲ, ಅದು ಸಾಮಾನ್ಯವಾಗಿ ಶಿವಾಜಿನಗರದ ಲೆಕ್ಕ. ಅದೇ ಬೆಳಗ್ಗೆ ಹಡಪ್ಸರ್ ಕಡೆಯ ಮಗರಪಟ್ಟಾದಲ್ಲಿ ಎಷ್ಟೋ ಸಲ ಐದಾರು ಡಿಗ್ರಿ ಜಾಸ್ತಿ ಇರುತ್ತದೆ. ಎತ್ತರದ ಕಟ್ಟಡ, ಸಿಮೆಂಟು ಎಲ್ಲ ಹಗಲಿನ ಬಿಸಿ ಹಿಡಿದಿಟ್ಟುಕೊಂಡು ರಾತ್ರಿಯಿಡೀ ಬಿಡುತ್ತಾ ಇರುತ್ತವೆ. ನನ್ನ ಪಡುವಣ ಗೋಡೆಯ ಕಥೆಯೇ, ದೊಡ್ಡದಾಗಿ. ಹಾಗಾಗಿ ಹಡಪ್ಸರ್ ಕಡೆಯ ಸದಸ್ಯರು "ಎಲ್ರೀ ಚಳಿ?" ಅಂದರೆ ಅವರದೂ ಸುಳ್ಳಲ್ಲ.

ಇನ್ನು ಚಳಿ ಹೀಗೆ ಬಂದು ಹೀಗೆ ಹೋಗುವುದು ಯಾಕೆ? ನನ್ನ ನೋಟ್‌ಬುಕ್ಕಿನಲ್ಲಿ ಎರಡನೇ ವಾರ 11, 11, 12. ಮೂರನೇ ವಾರ 16, 18, 19. ಆಮೇಲೆ ಮೂರೇ ದಿನದಲ್ಲಿ 10. ಉತ್ತರದ ಒಣಗಾಳಿ ಬೀಸಿ ಆಕಾಶ ತೊಳೆದಿಟ್ಟ ಹಾಗಿದ್ದರೆ ನೆಲದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಹಿಮಾಲಯದಲ್ಲಿ ಹಿಮ ಬಿದ್ದು ಮುಗಿದ ಒಂದೆರಡು ದಿನಕ್ಕೆ ನಾವು ಇಲ್ಲಿ ಸ್ವೆಟರ್ ಹುಡುಕುತ್ತೇವೆ. ಗಾಳಿ ಮೂಡಣ ದಿಕ್ಕಿನಿಂದ ಬೀಸತೊಡಗಿದರೆ ಬಂಗಾಳ ಕೊಲ್ಲಿಯ ತೇವ ಬರುತ್ತದೆ, ಮೋಡ ಕಟ್ಟುತ್ತದೆ, ನೆಲದ ಬಿಸಿ ಮೇಲೆ ಹೋಗಲು ಬಿಡುವುದಿಲ್ಲ. ಹಗಲು ತಣ್ಣಗೆ, ರಾತ್ರಿ ಬೆಚ್ಚಗೆ.

ಈ ಮೂಡಣದ ಸುದ್ದಿ ನನಗೆ ಫೋನಿನ ಆ್ಯಪ್‌ಗಿಂತ ಮೊದಲು ವಿಜಯಪುರದ ಅಕ್ಕನಿಂದ ಬರುತ್ತದೆ. "ಇಲ್ಲೆ ಮಾಡ ಕವದದ ತಮ್ಮಾ, ತೊಗರಿಗೆ ಹುಳ ಬೀಳ್ತಾವ ನೋಡು" ಅಂದಳು. ಮಾರನೇ ದಿನ ನನ್ನ ಕಡ್ಡಿ 16ರಲ್ಲಿ ನಿಂತಿತು. ಅವಳಿಗೆ ಅದು ತೊಗರಿ, ದ್ರಾಕ್ಷಿಯ ಮಾತು. ಮೋಡ ನಾಲ್ಕು ದಿನ ನಿಂತರೆ ಔಷಧಿ ಹೊಡೆಯುವ ಖರ್ಚು. ನನಗೆ ಬರೀ ಒಂದು ಸಂಖ್ಯೆ. ಬರೆಯುವಾಗ ಸ್ವಲ್ಪ ನಾಚಿಕೆಯಾಯಿತು. 2024ರಲ್ಲೂ ಹೀಗೇ ಆಗಿತ್ತು. ನವೆಂಬರ್ ಕೊನೆಗೆ ಒಳ್ಳೆ ಚಳಿ ಬಿದ್ದಿತ್ತು. ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ಅದರ ಉಳಿಕೆ ಕರ್ನಾಟಕ ದಾಟಿ ಅರಬ್ಬಿ ಸಮುದ್ರಕ್ಕೆ ಹೋಗುವಾಗ ಕರಾವಳಿಯಲ್ಲಿ ಮಳೆ. ಇಲ್ಲಿ ನಾವು ಡಿಸೆಂಬರ್‌ನಲ್ಲಿ ಫ್ಯಾನ್ ಹಾಕಿದೆವು.

ಮುಂಬೈಯವರನ್ನು ಆಡಿಕೊಳ್ಳುವುದು ನಮ್ಮ ಹಕ್ಕು. 16 ಡಿಗ್ರಿಗೆ ಮಂಕಿ ಟೋಪಿ ಹಾಕುವವರು! ಆದರೆ ಇಲಾಖೆ ಅವರ ಕಡೆಗಿದೆ. ಬಯಲು ಸೀಮೆಯಲ್ಲಿ ಶೀತಗಾಳಿ ಅನ್ನಬೇಕಾದರೆ ಉಷ್ಣಾಂಶ 10ಕ್ಕೆ ಇಳಿದಿರಬೇಕು, ಜತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಕರಾವಳಿಗೆ 15 ಸಾಕು. ಸಾಂತಾಕ್ರೂಜ್‌ನಲ್ಲಿ 1962ರ ಜನವರಿ 22ರಂದು 7.4 ಆಗಿತ್ತು, ಅದೇ ಅವರ ದಾಖಲೆ. ನಮ್ಮದು 1935ರ ಜನವರಿ 17ರ 1.7. ಈ ಮಾತನ್ನು ಮುಂದಿನ ಸಲ ಲೋಕಲ್ ಟ್ರೇನಿನಲ್ಲಿ ಬೇಕಾದರೆ ಬಳಸಿಕೊಳ್ಳಿ.

ಹಿರಿಯರು ಹೇಳಿದ ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ಅತಿ ತಣ್ಣಗಿನ ಜಾಗ ಯಾವುದು? ನೆಲ ಅಂತ ಪುಸ್ತಕಗಳು ಹೇಳುತ್ತಿದ್ದವು. ಹವಾಮಾನ ಇಲಾಖೆಯಲ್ಲಿದ್ದ ಎಲ್.ಎ. ರಾಮದಾಸ್ ಅಳೆದು ನೋಡಿದರು. ನೆಲಕ್ಕಿಂತ ಒಂದೆರಡು ಗೇಣು ಮೇಲಿನ ಗಾಳಿಯೇ ಹೆಚ್ಚು ತಣ್ಣಗಿತ್ತು! 1932ರಲ್ಲಿ ಪ್ರಕಟಿಸಿದರು. ಥರ್ಮಾಮೀಟರ್ ಸರಿಯಿಲ್ಲ ಅಂತ ಎಷ್ಟೋ ಜನ ನಂಬಲಿಲ್ಲ. ಆಮೇಲೆ ಬೇರೆ ಕಡೆಯೂ ಅದೇ ಕಂಡಿತು. ಸುಮಾರು ಅರವತ್ತು ವರ್ಷದ ನಂತರ, 1990ರ ದಶಕದಲ್ಲಿ, ನಮ್ಮ ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಅದು ಯಾಕೆ ಹಾಗೆ ಅಂತ ಬಿಡಿಸಲು ಕೂತರು. ಈಗಲೂ ಅದಕ್ಕೆ ರಾಮದಾಸ್ ಪದರ ಅಂತಲೇ ಹೆಸರು. ನಾನು ಮೂರನೇ ಮಹಡಿಯಲ್ಲಿದ್ದೇನೆ, ಪರೀಕ್ಷೆ ಮಾಡಲು ಆಗದು. ಕೆಳಗೆ ತೋಟ ಇರುವ ಸದಸ್ಯರು ಮಾಡಿ ನೋಡಿ. ಚಳಿಯಲ್ಲಿ ನೆಲದ ಹತ್ತಿರ ಕೂರಬೇಕಾಗುತ್ತದೆ, ಮಂಡಿನೋವು ಇರುವವರು ಬೇಡ.

ತಿಂಗಳು ಮುಗಿಯಿತು. ಮೊನ್ನೆ ಸಭೆಯಲ್ಲಿ ನೋಟ್‌ಬುಕ್ ಇಟ್ಟೆ. ಸಂಕ್ರಾಂತಿಯ ಎಳ್ಳುಬೆಲ್ಲದ ಕಾರ್ಯಕ್ರಮ ಟೆರೇಸಿನಲ್ಲಿ, ಅವತ್ತು ಮಳೆ ಬರುತ್ತಾ ಅಂತ ಅಧ್ಯಕ್ಷರು ಕೇಳಿದರು. ಇದರಲ್ಲಿ ಆಗಿಹೋದದ್ದು ಮಾತ್ರ ಇದೆ, ಆಗುವುದು ಇಲ್ಲ ಅಂದೆ. ಹಾಗಾದರೆ ವಿಜಯಪುರಕ್ಕೆ ಫೋನ್ ಮಾಡಿ ಅಂದರು. ಮಾಡಿದೆ. ಅಕ್ಕ ಎಳ್ಳಮಾಸಿಗೆ ಚರಗ ಚೆಲ್ಲಿ ಬಂದು ದಣಿದಿದ್ದಳು, "ನನಗೇನ್ ಗೊತ್ತೋ" ಅಂದಳು. ಶಾಮಿಯಾನದವನಿಗೆ ಮುಂಗಡ ಕೊಟ್ಟಾಗಿದೆ.