ಗುಲಾಬಿಗೆ ಕತ್ತರಿ ಹಾಕಬೇಡ ಪುಟ್ಟಿ

ಚಿಕ್ಕಮಗಳೂರು
ಏಪ್ರಿಲ್ 2

ಪ್ರೀತಿಯ ಪುಟ್ಟಿಗೆ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಮನಸ್ಸಿಗೆ ಒಂಥರಾ ಆಯಿತು. ಹಾಸನದ ಮನೆಯ ತಾರಸಿಯಲ್ಲಿ ಗುಲಾಬಿಗಳು ಮಧ್ಯಾಹ್ನಕ್ಕೇ ಬಾಡುತ್ತಿವೆ, ಹೂವು ಸಣ್ಣದಾಗಿದೆ, ಗಿಡ ಸವರಿ ಗೊಬ್ಬರ ಹಾಕಲಾ ಅಂದೆ. ಎರಡೂ ಬೇಡ ಮಗಳೇ.

ಕಡು ಬಿಸಿಲಿನಲ್ಲಿ ಬೇರು ಎಳೆಯುವ ನೀರಿಗಿಂತ ಎಲೆಯಿಂದ ಆರಿಹೋಗುವ ನೀರು ಜಾಸ್ತಿ. ಅದಕ್ಕೇ ಬಾಡುತ್ತದೆ. ಸಂಜೆಗೆ ಎದ್ದು ನಿಂತರೆ ಗಿಡ ಚೆನ್ನಾಗಿದೆ ಅಂತಲೇ ತಿಳಿ. ಬೆಳಿಗ್ಗೆಯೂ ಹಾಗೇ ಇದ್ದರೆ ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸಿ ಒಣಗಿದೆಯಾ ನೋಡು. ಬೇಸಿಗೆಯಲ್ಲಿ ಹೂವು ಸಣ್ಣದಾಗುವುದು, ಬಣ್ಣ ಮಾಸುವುದು ಸಹಜ.

ನೀರನ್ನು ಬಿಸಿಲೇರುವ ಮುಂಚೆ ಬುಡಕ್ಕೆ ಹಾಕು, ಕುಂಡದ ತಳದಿಂದ ಹೊರಗೆ ಬರುವ ತನಕ. ಸುಮ್ನೆ ಮೇಲೆ ಚಿಮುಕಿಸಿದರೆ ಬೇರು ಮೇಲುಮೇಲಕ್ಕೇ ಬಂದು ಬಿಸಿಗೆ ಸಿಕ್ಕಿಬೀಳುತ್ತದೆ. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕೈ ಸುಡುತ್ತದೆ ಅಲ್ವಾ, ಅದನ್ನು ಆಚೆ ಬಿಟ್ಟು ಆಮೇಲೆ ಗಿಡಕ್ಕೆ ಹಿಡಿ. ಕಾಂಕ್ರೀಟ್ ಕಾಯುವುದರಿಂದ ಕುಂಡಗಳನ್ನು ಇಟ್ಟಿಗೆ ಮೇಲೆ ಎತ್ತಿಡು. ಮಧ್ಯಾಹ್ನದ ಮೇಲೆ ನೆರಳು ಬೀಳುವ ಗೋಡೆ ಪಕ್ಕ ಒತ್ತೊತ್ತಾಗಿ ಜೋಡಿಸು.

ಗೊಬ್ಬರದ ಮಾತು ಎತ್ತಿದೆಯಲ್ಲ, ನಮ್ಮ ಬಾವಿಕಟ್ಟೆ ಪಕ್ಕದ ಕೆಂಪು ಗುಲಾಬಿ ನೆನಪಿದೆಯಾ? ನೀನು ಏಳನೇ ಕ್ಲಾಸಿನಲ್ಲಿದ್ದೆ. ಯುಗಾದಿ ಕಳೆದಿತ್ತು. ಗಿಡ ಸೊರಗಿದೆ ಅಂತ ನಾನು ಒಣ ಮಣ್ಣಿಗೇ ಒಂದು ಹಿಡಿ ಯೂರಿಯಾ ಹಾಕಿದೆ. ವಾರದೊಳಗೆ ಎಲೆಯ ಅಂಚು ಸುಟ್ಟಿತು, ಆಮೇಲೆ ಕಡ್ಡಿಯೂ ಕಪ್ಪಾಯಿತು. ನಿಮ್ಮಮ್ಮ ತವರಿನಿಂದ ತಂದು ನೆಟ್ಟ ಗಿಡ ಅದು. ಅವಳು ಒಂದು ಮಾತೂ ಆಡಲಿಲ್ಲ. ಆ ಜಾಗ ಕಂಡರೆ ನನಗೆ ಇವತ್ತಿಗೂ ಸಂಕಟ. ನಿನ್ನ ಗಿಡಗಳಿಗೆ ಹಾಗಾಗುವುದು ಬೇಡ. ಮಳೆ ಬಂದು ಹೊಸ ಚಿಗುರು ಕಾಣಲಿ, ಆಗ ಕೊಡು. ಸವರುವುದು ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ. ಈಗ ಬಾಡಿದ ಹೂವು ಕಿತ್ತರೆ ಸಾಕು. ಕಸಿ ಕಟ್ಟಿದ ಗಂಟಿನ ಕೆಳಗಿಂದ ಬಂದ ಕಾಡು ಚಿಗುರನ್ನು ಮಾತ್ರ ಬುಡದಿಂದಲೇ ಕಿತ್ತುಹಾಕು.

ಎಲೆಯಲ್ಲಿ ಹಳದಿ ಚುಕ್ಕೆ ಅಂದೆ. ಅದು ಕೆಂಪು ನುಸಿ ಇರಬಹುದು, ಒಣ ಹವೆಯಲ್ಲಿ ಬೇಗ ಹೆಚ್ಚುತ್ತದೆ. ಎಲೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟು. ಬಿದ್ದ ಧೂಳು ಹರಿದಾಡಿದರೆ ನುಸಿಯೇ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸು. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಇಲ್ಲಿ ನಾವೂ ಕಾಫಿ ಮೊಗ್ಗು ಅರಳಿಸುವ ಹೂಮಳೆಗೆ ಕಾಯುತ್ತಿದ್ದೇವೆ. ರೊಬಸ್ಟಾ ಕಾಫಿಗೆ ಕೆರೆ ನೀರಿನಲ್ಲಿ ಸ್ಪ್ರಿಂಕ್ಲರ್ ಹಾಕಿದ್ದೆವು, ಅಷ್ಟು ಭಾಗ ಬೆಳ್ಳಗೆ ಅರಳಿದೆ. ಉಳಿದದ್ದು ಮೊಗ್ಗಿನಲ್ಲೇ ನಿಂತಿದೆ.

ಶನಿವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ಒಂದು ಚೀಲ ಹಳೇ ಕಾಫಿ ಸಿಪ್ಪೆ ತರುತ್ತೇನೆ, ಚೆನ್ನಾಗಿ ಕಳಿತು ಕಪ್ಪಾದದ್ದು. ಹಸಿ ಸಿಪ್ಪೆ ಕೊಳೆಯುವಾಗ ಕಾವೇರುತ್ತದೆ, ಅದು ಆಗುವುದಿಲ್ಲ. ಕಾಂಡಕ್ಕೆ ತಾಗದ ಹಾಗೆ ಎರಡು ಇಂಚು ಹರಡೋಣ. ಅಷ್ಟರಲ್ಲಿ ಇಟ್ಟಿಗೆ ಹೊಂದಿಸಿಡು.

ನಿನ್ನ
ಅಪ್ಪ